ರಜೆಯಿಲ್ಲದ ಅಡುಗೆಮನೆ ಶಾಲೆ

ಕೊರೋನಾ ಕಾಲದಲ್ಲಿ ಇಡೀ ಬೆಳಗಾವಿಯಲ್ಲಿ ಒಂದು ದಿನವೂ ಬಾಗಿಲು ಹಾಕದ ಶಾಲೆ ಯಾವುದು ಗೊತ್ತೇ? ಶಿವಬಸವ ನಗರದ ನಮ್ಮ ಮನೆಯ ಅಡುಗೆಮನೆ! ಅದರ ಸ್ಥಾಪಕಿ, ಹೆಡ್‌ಮಿಸ್, ಜವಾನ, ಬಿಸಿಯೂಟದವಳು ಎಲ್ಲವೂ ನಮ್ಮ ಕಾಕುವೇ. ವಿದ್ಯಾರ್ಥಿನಿ ಮಾತ್ರ ಒಬ್ಬಳು, ಒಂದನೆಯ ತರಗತಿಯ ನನ್ನ ಮಗಳು ಚಿನ್ನಿ.

ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಖಾನಾಪುರದಿಂದ ನಾಲ್ಕು ದಿನ ಇದ್ದು ಹೋಗಲೆಂದು ಬಂದಿದ್ದಳು. ಅಷ್ಟರಲ್ಲಿ ಬಸ್ಸುಗಳೂ ನಿಂತವು, ಶಾಲೆಯೂ ಮುಚ್ಚಿತು. ಚಿನ್ನಿಗೆ ಆಗ ಅ, ಆ ದಾಟಿ ಮುಂದೆ ದಾರಿ ಗೊತ್ತಿರಲಿಲ್ಲ. ಮತ್ತೆ ಶಾಲೆ ತೆರೆಯುವಷ್ಟರಲ್ಲಿ ಮಗು ಓದಲು ಕಲಿಯದಿದ್ದರೆ ಎರಡನೆಯ ತರಗತಿ ಕಷ್ಟವಾದೀತು ಎಂದು ಅವಳ ಟೀಚರು ಫೋನಿನಲ್ಲಿ ಎಚ್ಚರಿಸಿದರು. ನಾನೂ ನನ್ನ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಕಾಕು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಸಾಲಿ ತಗಿಯೂದ್ರಾಗ ಇಕಿ ಓದತಾಳ. ನಾ ಓದಸ್ತೇನಿ," ಎಂದಳು.

ಮೊದಲು ಫೋನಿನ ಪಾಠವನ್ನು ಪರೀಕ್ಷಿಸಿದಳು. ಫೋನಿನೊಳಗಿಂದ ಟೀಚರು, "ಎಲ್ಲಾರೂ ಮ್ಯೂಟ್ ಮಾಡ್ಕೋರಿ," ಅಂದರು. ಹಾಗೆಂದರೇನು ಎಂದು ಕಾಕು ಕೇಳಿದಳು. ಬಾಯಿ ಮುಚ್ಚಿಕೊಳ್ಳುವುದು ಎಂದೆ.

"ಹುಡುಗೂರ ಬಾಯಿ ಬಿಡ್ಲಿ ಅಂತ ಸಾಲಿಗೆ ಕಳಸ್ತೇವಿ. ಬಾಯಿ ಮುಚ್ಚೂ ಸಾಲಿ ಎಂಥಾದ್ದೋ?" ಎಂದು ಫೋನನ್ನು ನನ್ನ ಕೈಗಿಟ್ಟಳು. ಮರುದಿನವೇ ಅಡುಗೆಮನೆ ಶಾಲೆಯ ಉದ್ಘಾಟನೆಯಾಯಿತು.

ಶಾಲೆ ಎಂದಮೇಲೆ ನಿಯಮ ಬೇಡವೇ? ಮಲಗಿದ ಮನೆಯಲ್ಲೇ ಎದ್ದು ಕುಳಿತು ಕಲಿತರೆ ವಿದ್ಯೆ ಹತ್ತುವುದಿಲ್ಲ ಎಂಬುದು ಕಾಕುವಿನ ಸಿದ್ಧಾಂತ. ಆದ್ದರಿಂದ ಚಿನ್ನಿ ಯೂನಿಫಾರ್ಮ್ ಹಾಕಿ, ಪಾಟೀಚೀಲ ಹೊತ್ತು ಮುಂಬಾಗಿಲಿನಿಂದ ಹೊರಡಬೇಕು. ಮನೆಯನ್ನು ಸುತ್ತುಹಾಕಿ ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ, ಅಂದರೆ ಶಾಲೆಗೆ, ಬರಬೇಕು. ಬಿಟ್ಟು ಬರುವ ಕೆಲಸ ಅಪ್ಪನದು. ಕಾಕು ತಾಟಿಗೆ ಸೌಟಿನಿಂದ ಬಾರಿಸಿ ಗಂಟೆ ಹೊಡೆಯುತ್ತಿದ್ದಳು. ಒಮ್ಮೆ ಚಹಾ ಕೇಳೋಣವೆಂದು ನಾನೂ ಮಗಳ ಹಿಂದೆ ಒಳಗೆ ಕಾಲಿಟ್ಟೆ. ಸೌಟು ನನ್ನತ್ತ ತಿರುಗಿತು.

"ಪಾಲಕರು ಹೊರಗ ನಿಂದರ್ರಿ."

ಹುಟ್ಟಿದಾಗಿನಿಂದ 'ಲೇ' ಎಂದು ಕರೆದವಳು ಅವತ್ತೇ ನನಗೆ ಮೊದಲ ಸಲ 'ರೀ' ಹಚ್ಚಿದ್ದು. ಮರ್ಯಾದೆ ಸಿಕ್ಕಿತು, ಚಹಾ ಸಿಗಲಿಲ್ಲ.

ಬೇಸಿಗೆಯಾದ್ದರಿಂದ ಸಂಡಿಗೆಯೂ ಪಠ್ಯಕ್ರಮಕ್ಕೆ ಸೇರಿತು. ಮಾಳಿಗೆಯ ಮೇಲೆ ಹಾಸಿದ ಹಳೆಯ ಸೀರೆಯ ಮೇಲೆ ಗುರುಶಿಷ್ಯೆಯರಿಬ್ಬರೂ ಅಕ್ಷರದ ಆಕಾರದಲ್ಲೇ ಸಂಡಿಗೆ ಇಟ್ಟರು. ಓದಿದ್ದನ್ನು ಮಾತ್ರ ಕರಿದು ಕೊಡುವುದು; ಓದಲು ಬಾರದ್ದು ಡಬ್ಬಿಯಲ್ಲೇ ಇರಬೇಕು. ಚಿನ್ನಿ ಹಸಿವಿನ ಬಲದಿಂದಲೇ ಅರ್ಧ ವರ್ಣಮಾಲೆ ಮುಗಿಸಿದಳು. ಒಂದು ವಿಚಿತ್ರ ಮಾತ್ರ ನನ್ನ ಕಣ್ಣಿಗೆ ಬಿತ್ತು. ಚಿನ್ನಿಯ ಅಕ್ಷರಗಳು ಪುಸ್ತಕದಲ್ಲಿದ್ದಂತೆ ಇದ್ದವು. ಕಾಕುವಿನ ಅಕ್ಷರಗಳಿಗೆಲ್ಲ ತಲೆಯ ಮೇಲೆ ಒಂದೊಂದು ಉದ್ದನೆಯ ಅಡ್ಡಗೆರೆ! ಇದೇನು ಎಂದು ಕೇಳಿದೆ.

"ಎಣ್ಣ್ಯಾಗಿಂದ ಎತ್ತಾಕ ಹಿಡಿಕಿ ಬೇಕಲ್ಲೋ," ಎಂದಳು.

ಇನ್ನೊಂದು ಕೌತುಕ ಅವಳ ಚಶ್ಮಾ. ಮುಂಜಾನೆ ಮರಾಠಿ ಪೇಪರನ್ನು ಅದೇ ಚಶ್ಮಾ ಏರಿಸಿ ಜಾಹೀರಾತಿನ ಸಮೇತ ಓದುತ್ತಿದ್ದಳು. ಚಿನ್ನಿಯ ಕನ್ನಡ ಪುಸ್ತಕ ತೆರೆದ ಕೂಡಲೇ ಚಶ್ಮಾ ಎಲ್ಲೋ ಮಾಯ.

"ಎಲ್ಲಿಟ್ಟೇನೋ ಏನೋ. ನೀನ ಓದಿ ಹೇಳವಾ."

"ಇದು ಮ, ಆಯಿ." ಚಿನ್ನಿಗೆ ಆಕೆ ಆಯಿ, ಅಂದರೆ ಅಜ್ಜಿ.

"ಮ ಅಂತ ಹ್ಯಾಂಗ ಗೊತ್ತಾತು? ವ ಯಾಕಲ್ಲ? ಬರದು ತೋರಸು."

ಪುಸ್ತಕದ ಚಿತ್ರ ನೋಡಿ ಅಕ್ಷರ ಗುರುತಿಸಿ, ಚಿನ್ನಿ ಬರೆದು, ತಿಳಿಸಿ, ಮತ್ತೆ ಬರೆದು ಒಪ್ಪಿಸಬೇಕಾಗಿತ್ತು. ಮಗುವೇ ಇನ್ನೊಬ್ಬರಿಗೆ ಕಲಿಸಿದರೆ ಬೇಗ ಕಲಿಯುತ್ತದೆ, ಇದು ಬಹಳ ದೊಡ್ಡ ಪದ್ಧತಿ ಎಂದು ನನ್ನ ಹೆಂಡತಿ ಹೊಗಳಿದಳು. ಕಾಕು ಬೆಳ್ಳುಳ್ಳಿ ಸುಲಿಯುತ್ತ ಕುಳಿತಳು.

ಬಸ್ಸುಗಳು ಮತ್ತೆ ಶುರುವಾದವು. ಶಾಲೆ ಇನ್ನೂ ತೆರೆದಿರಲಿಲ್ಲ, ಕಾಕುವೂ ಹೊರಡಲಿಲ್ಲ. ಖಾನಾಪುರದಲ್ಲಿ ಚಿಕ್ಕಪ್ಪ, ಅಂದರೆ ಕಾಕಾ, ಒಬ್ಬರೇ ಅನ್ನ ಸೀಯಿಸಿಕೊಳ್ಳುತ್ತಿದ್ದರು. ಯಾವಾಗ ಬರುತ್ತೀ ಎಂದು ಫೋನು ಮಾಡಿದರೆ, "ನೀವೂ ಮನ್ಯಾಗ ಕುಂತು ಕಲೀರಿ," ಎಂದು ಇಟ್ಟುಬಿಟ್ಟಳು.

ಕಷ್ಟ ಬಂದದ್ದು ಒತ್ತಕ್ಷರದಲ್ಲಿ. ಚಿನ್ನಿ ಪುಸ್ತಕ ಎಸೆದು, ಇನ್ನು ಶಾಲೆಗೇ ಬರುವುದಿಲ್ಲ ಎಂದು ಅತ್ತಳು. ಹೋಗಲಿ ಬಿಡು ಕಾಕು, ಮುಂದೆ ನೋಡೋಣ ಎಂದು ನಾನು ಹಿತ್ತಲ ಬಾಗಿಲಲ್ಲೇ ನಿಂತು ಹೇಳಿದೆ. ಕಾಕು ನನ್ನ ಕಡೆ ನೋಡಲೂ ಇಲ್ಲ. ಪುಸ್ತಕ ಎತ್ತಿ ಒರೆಸಿ, ಚಿನ್ನಿಯ ಪಕ್ಕ ಕುಳಿತಳು.

"ನನಗೂ ತಿಳಿಯೂದಿಲ್ಲ ಚಿನ್ನಿ ಇದು. ಇಬ್ಬರೂ ಕೂಡೇ ತಪ್ಪೂಣು. ತಪ್ಪಿದ್ರ ಇಬ್ಬರೂ ಗ್ವಾಡಿಗೆ ನಿಂದರೂಣು. ಬಿಡೂದು ಮಾತ್ರ ಬ್ಯಾಡ."

ಆ ವಾರವೆಲ್ಲ ನಮ್ಮ ಅಡುಗೆಮನೆಯ ಗೋಡೆಗೆ ಆಗಾಗ ಒಬ್ಬ ಅಜ್ಜಿ, ಒಬ್ಬ ಮೊಮ್ಮಗಳು ಕೈಕಟ್ಟಿ ನಿಂತಿರುತ್ತಿದ್ದರು. ಕುಕ್ಕರಿನ ಸೀಟಿ ಆದಾಗ ಬಿಡುಗಡೆ.

ಕೊನೆಗೂ ಶಾಲೆ ತೆರೆಯಿತು. ಚಿನ್ನಿ ಟೀಚರ ಮುಂದೆ ಒಂದು ಪುಟವನ್ನು ತಡವರಿಸದೆ ಓದಿ ಬಂದಳು. ಕಾಕು ಸುದ್ದಿ ಕೇಳಿ, ಅವತ್ತೇ ಚೀಲ ಕಟ್ಟಿದಳು.

ಬಿಟ್ಟು ಬರಲು ನಾನೂ ಚಿನ್ನಿಯೂ ಹೋದೆವು. ಬಸ್ ಸ್ಟ್ಯಾಂಡಿನಲ್ಲಿ ಎಂದಿನಂತೆ ನಾನು ಖಾನಾಪುರದ ಗಾಡಿ ಯಾವುದೆಂದು ಕಂಡಕ್ಟರನ್ನು ಕೇಳಲು ಹೊರಟೆ. ಕಾಕು ನನ್ನ ತೋಳು ಹಿಡಿದು ನಿಲ್ಲಿಸಿದಳು. ಚೀಲದಿಂದ ಚಶ್ಮಾ ತೆಗೆದು ಹಾಕಿಕೊಂಡಳು. ಬಸ್ಸಿನ ಹಣೆಯ ಮೇಲಿನ ಬೋರ್ಡಿಗೆ ಬೆರಳು ತೋರಿಸುತ್ತ, "ಖಾ... ನಾ... ಪು... ರ," ಎಂದಳು.

ಚಿನ್ನಿ ನನ್ನ ಅಂಗಿ ಎಳೆದಳು. "ಆಯಿಗೆ ಮೊದಲ ಕನ್ನಡ ಓದಾಕ ಬರ್ತಿದ್ದಿಲ್ಲ ಪಪ್ಪಾ. ನಾನ ಕಲಿಸೇನಿ. ಹೇಳಬ್ಯಾಡ ಅಂದಿದ್ಲು."

ಕಾಕು ಓದಿದ್ದು ಖಾನಾಪುರದ ಮರಾಠಿ ಶಾಲೆಯಲ್ಲಿ. ನಮ್ಮ ಮನೆಗೆ ಸೊಸೆಯಾಗಿ ಬಂದು ಕನ್ನಡದಲ್ಲಿ ನಮ್ಮನ್ನೆಲ್ಲ ಬೈದು, ಮುದ್ದಿಸಿ ಬೆಳೆಸಿದವಳು. ಆ ಭಾಷೆಯ ಒಂದಕ್ಷರವೂ ಗೊತ್ತಿಲ್ಲದೆ ಮಗುವನ್ನು ಓದಿಸಿಯೇ ತೀರುತ್ತೇನೆಂದು ಸೆರಗು ಕಟ್ಟಿದ್ದಳೇ ಈ ಹೆಂಗಸು! ನನಗೆ ಕಣ್ಣು ತುಂಬಿ ಬಂತು. ಚೀಲ ಎತ್ತಿಕೊಂಡು ಅವಳ ಹಿಂದೆ ಬಸ್ಸು ಹತ್ತಲು ಹೋದೆ.

ಆಯಿಯನ್ನು ಸೀಟಿಗೆ ಕೂರಿಸಿ ಬರಲು ಆಗಲೇ ಮೆಟ್ಟಿಲು ಹತ್ತಿದ್ದ ಚಿನ್ನಿ ಕೈ ಅಡ್ಡ ಹಿಡಿದು, ಚೀಲ ಮಾತ್ರ ಇಸಿದುಕೊಂಡಳು. "ಪಾಲಕರು ಹೊರಗ ನಿಂದರ್ರಿ."

ನಿಂತೆ. ಕಿಟಕಿಯೊಳಗೆ ಇಬ್ಬರೂ ಸೀಟಿನ ಮೇಲ್ಗಡೆ ಬರೆದದ್ದನ್ನು ತಲೆ ಎತ್ತಿ ನೋಡುತ್ತಿದ್ದರು. ಈ ಸಲ ಚಿನ್ನಿ ಬಾಯಿ ಬಿಡಲಿಲ್ಲ, ಕಾದಳು. ಕಾಕುವಿನ ತುಟಿ ಒಂದೊಂದೇ ಅಕ್ಷರಕ್ಕೆ ಅಲುಗಿತು: ಮ, ಹಿ, ಳೆ, ಯ, ರಿ, ಗೆ. ಓದಿ ಮುಗಿಸಿ, ಸೆರಗು ಸರಿಮಾಡಿಕೊಂಡು, ಆ ಸೀಟಿನಲ್ಲಿ ಕುಳಿತಳು.