ಚಮಕಿಯಲ್ಲಿ ಕಳೆದ ಕಣ್ಣು

ಎಲ್ಲ ಅನಾಹುತಕ್ಕೂ ಮೂಲ ಬಚ್ಚಲುಮನೆಯ ಬಾಗಿಲು. ಸರಿಯಾಗಿ ಆ ಗಳಿಗೆಯಲ್ಲೇ ಹೆಂಡತಿ ಅದನ್ನು ದಬದಬನೆ ಬಡಿಯದಿದ್ದರೆ ಒಂದೇಟು ಮಾಸ್ಟರ ಆ ದಿನದ ಕತೆಯೇ ಬೇರೆ ಇರುತ್ತಿತ್ತು.

"ಒಳಗೆ ಹೋಗಿ ಮುಕ್ಕಾಲು ಗಂಟೆ ಆಯ್ತು! ಏನ್ರೀ, ಅಲ್ಲೇ ಸಂಸಾರ ಹೂಡಿಬಿಟ್ರಾ?"

ಮಾಸ್ಟರು ಕನ್ನಡಿಯ ಮುಂದೆ ಬಾಯಿ ತೆರೆದುಕೊಂಡು ನಿಂತಿದ್ದರು. ಒಂದು ಲೆನ್ಸು ಆಗಲೇ ಎಡಗಣ್ಣು ಸೇರಿತ್ತು. ಇನ್ನೊಂದು ತೋರುಬೆರಳ ತುದಿಯಲ್ಲಿ ಕೂತಿತ್ತು. ಸದ್ದಿಗೆ ಅವರು ಹೌಹಾರಿದರು, ಬೆರಳು ಕಣ್ಣಿಗೆ ತಿವಿಯಿತು, ನೀರು ಧಾರಾಕಾರ ಸುರಿಯಿತು. ಒರೆಸಿಕೊಂಡು ನೋಡಿದರೆ ಬೆರಳ ತುದಿ ಖಾಲಿ. ಬೆರಳ ಮೇಲಿಲ್ಲ ಅಂದಮೇಲೆ ಕಣ್ಣಿಗೇ ಹೋಗಿರಬೇಕಲ್ಲ ಎಂದು ಸಮಾಧಾನ ಮಾಡಿಕೊಂಡು ಬಾಗಿಲು ತೆಗೆದರು.

'ಒಂದೇಟು' ಅನ್ನುವುದು ಹೊಲಿಗೆ ಅಂಗಡಿಯವರು ಕೊಟ್ಟ ಬಿರುದು. ಎಂಥ ಸಣ್ಣ ಸೂಜಿಯಾಗಲಿ, ದಾರದ ತುದಿಯನ್ನು ತುಟಿಗೆ ತಾಕಿಸಿ ಒಂದೇ ಏಟಿಗೆ ಪೋಣಿಸುವ ಗಂಡಸು ಅವರು. ದಿನದ ಮೊದಲ ಸೂಜಿಗೆ ದೊಡ್ಡ ಮಾಸ್ಟರೇ, ಅಂದರೆ ಇವರೇ, ದಾರ ಪೋಣಿಸಬೇಕು, ಯಜಮಾನತಿ ಎದುರು ನಿಂತು ನೋಡಬೇಕು, ಆಮೇಲೇ ಕೆಲಸ ಶುರು. ಅದು ಅಂಗಡಿಯ ಪದ್ಧತಿ. ನಲವತ್ತಾರು ತುಂಬಿದ್ದೇ ತಡ, ಸೂಜಿಯ ಕಣ್ಣು ಮಾಯವಾಯಿತು. ಅಂದಿನಿಂದ ಹೆಂಡತಿ ಪ್ರತಿ ಸಂಜೆ ಹನ್ನೆರಡು ಸೂಜಿಗೆ ಬಿಳಿ ದಾರ ಪೋಣಿಸಿ, ಅವರ ಅಂಗಿಯ ಕಾಲರಿನ ಅಡಿಗೆ ಸಾಲಾಗಿ ಚುಚ್ಚಿಡುತ್ತಿದ್ದಳು. ಮಾಸ್ಟರು ಕುತ್ತಿಗೆ ಕೆರೆದುಕೊಳ್ಳುವ ನೆಪದಲ್ಲಿ ಒಂದನ್ನು ಕಿತ್ತು, ಗಾರುಡಿಯವನಂತೆ ಕೈಬದಲು ಮಾಡುತ್ತಿದ್ದರು. ಯಜಮಾನತಿ ಈಚೆಗೆ ಯಾಕೋ ನಾಲ್ಕು ಹೆಜ್ಜೆ ಹಿಂದೆಯೇ ನಿಂತು ನೋಡುತ್ತಿದ್ದರು. ಪುಣ್ಯಕ್ಕೆ ಮೂರು ತಿಂಗಳು ಬಚಾವಾಯಿತು.

ಒಂದು ಕನ್ನಡಕ ಹಾಕಿಕೊಂಡರೆ ಮುಗಿಯಿತಲ್ಲ ಅನ್ನಬಹುದು. ಆದರೆ ಇವರಿಗಿಂತ ಮೊದಲು ದೊಡ್ಡ ಮಾಸ್ಟರಾಗಿದ್ದವನು ಒಂದು ದಿನ ಕನ್ನಡಕ ಹಾಕಿಕೊಂಡು ಬಂದಿದ್ದ. "ಕಣ್ಣು ಹೋದೋನ ಕೈಗೆ ಕತ್ತರಿ ಹೇಗ್ರೀ ಕೊಡೋದು?" ಅಂದರು ಯಜಮಾನತಿ. ಒಂದೇ ವಾರಕ್ಕೆ ಅವನು ಇಸ್ತ್ರಿ ಟೇಬಲ್ಲಿಗೆ ಬಿದ್ದ. ಈಗ ಅವನನ್ನು ಎಲ್ಲರೂ ಇಸ್ತ್ರಿಯಣ್ಣ ಅಂತಲೇ ಕರೆಯುವುದು. ಹೊಸ ಬಡಾವಣೆಯಲ್ಲಿ ಎರಡನೇ ಅಂಗಡಿ ತೆರೆಯುವುದಿತ್ತು. ಅದರ ಬೀಗದ ಕೈ ಯಾರಿಗೆ ಅಂತ ಯಜಮಾನತಿ ಇವತ್ತು ಸಂಜೆ ಹೇಳುವವರಿದ್ದರು. ಇಂಥ ಹೊತ್ತಲ್ಲಿ ಮೂಗಿನ ಮೇಲೆ ಕನ್ನಡಕ ಕೂರಿಸಿಕೊಳ್ಳುವುದುಂಟೆ!

ಹಾಗಾಗಿ ನಿನ್ನೆ ಕದ್ದುಮುಚ್ಚಿ ಕಣ್ಣಿನ ಡಾಕ್ಟರಮ್ಮನ ಹತ್ತಿರ ಹೋಗಿದ್ದರು.

"ವಯಸ್ಸಾದ ಮೇಲೆ ಹತ್ತಿರದ್ದು ಮಂಜಾಗೋದು ಎಲ್ಲರಿಗೂ ಇದ್ದಿದ್ದೇ. ನಿಮಗೆ ದೂರದ್ದೂ ಚೂರು ಮಂಜೇ," ಅಂದಿದ್ದರು ಆಕೆ. "ಮೂರು ದಾರಿ ಇದೆ. ಒಂದೇ ಲೆನ್ಸಲ್ಲಿ ದೂರ, ಹತ್ತಿರ ಎರಡೂ ಸುತ್ತುಸುತ್ತಾಗಿ ಇರುತ್ತೆ, ಅದೊಂದು. ಇಲ್ಲಾಂದ್ರೆ ಎಡಗಣ್ಣು ಹತ್ತಿರಕ್ಕೆ, ಬಲಗಣ್ಣು ದೂರಕ್ಕೆ. ಅದೂ ಬೇಡಾಂದ್ರೆ ದೂರಕ್ಕೆ ಲೆನ್ಸು, ಓದೋವಾಗ ಮೇಲೊಂದು ಕನ್ನಡಕ."

"ಕನ್ನಡಕದ ಮಾತು ಎತ್ತಬೇಡಿ ತಾಯೀ. ಇವತ್ತೇ ಕೈಗೆ ಸಿಗೋದು ಯಾವುದು?"

"ಎಡಕ್ಕೊಂದು ಬಲಕ್ಕೊಂದು. ಸುಮ್ನೆ ಹಾಕಿ ನೋಡಿ. ಆದ್ರೆ ಒಗ್ಗೋಕೆ ಎರಡು ವಾರ ಬೇಕು."

ಎರಡು ವಾರ ಯಾರಿಗಿದೆ? ಮಾಸ್ಟರು ಲೆನ್ಸಿನ ಡಬ್ಬಿ ಜೇಬಿಗಿಳಿಸಿ ಬಂದಿದ್ದರು.

ಅಂಗಡಿಯಲ್ಲಿ ಯಜಮಾನತಿ ಎಂದಿನಂತೆ ನಾಲ್ಕು ಹೆಜ್ಜೆ ಹಿಂದೆ ನಿಂತರು. ಮಾಸ್ಟರು ಕಾಲರಿಗೆ ಕೈ ಹಾಕಲಿಲ್ಲ. ಸೂಜಿ ಎತ್ತಿ ಮೂಗಿನ ಹತ್ತಿರ ತಂದರು. ಅಬ್ಬಾ! ಸೂಜಿಯ ಕಣ್ಣು ಬಾವಿಯಷ್ಟು ದೊಡ್ಡದಾಗಿ ಕಾಣುತ್ತಿದೆ! ದಾರ ಒಂದೇ ಏಟಿಗೆ ಒಳಗೆ ಹೋಯಿತು. ಮಾಸ್ಟರಿಗೆ ಕುಣಿಯಬೇಕು ಅನ್ನಿಸಿತು.

ಆ ದಿನದ ಕೆಲಸ ಹೆಸರಾಂತ ಗಾಯಕಿಯೊಬ್ಬರ ಕಪ್ಪು ಗೌನು. ಮೈತುಂಬ ಮೂರು ಸಾವಿರ ಚಮಕಿ. ಸಂಜೆ ಅವರ ಹಾಡಿನ ಕಾರ್ಯಕ್ರಮ, ಹನ್ನೊಂದಕ್ಕೆ ಹಾಕಿ ನೋಡಲು ಬರುವವರಿದ್ದರು. ಮಾಸ್ಟರು ಬಗ್ಗಿ ಅಂಚು ಹೊಲಿಯುತ್ತ, ಗಂಟೆ ಎಷ್ಟಾಯಿತೆಂದು ತಲೆಯೆತ್ತಿದರು. ಗೋಡೆ ಗಡಿಯಾರವೇ ಕಾಣಲಿಲ್ಲ! ಎಡಗಣ್ಣು ಮುಚ್ಚಿ ನೋಡಿದರು. ಬಲಗಣ್ಣಿಗೂ ಮಂಜುಮಂಜು. ನಿನ್ನೆ ಇದೇ ಬಲಗಣ್ಣಿಗೆ ಎದುರು ರಸ್ತೆಯ ಬೋರ್ಡು ಮುತ್ತು ಪೋಣಿಸಿದ ಹಾಗೆ ಕಂಡಿತ್ತು.

ಬಲಗಣ್ಣಿನ ಲೆನ್ಸು ಬಿದ್ದುಹೋಗಿದೆ! ಬಗ್ಗಿ ಹೊಲಿಯುವಾಗ ಗೌನಿನ ಮೇಲೇ ಬಿದ್ದಿರಬೇಕು. ಮೂರು ಸಾವಿರ ಮಿರಮಿರ ಚಮಕಿಯ ನಡುವೆ ಒಂದು ಮಿರಮಿರ ಲೆನ್ಸು! ಗಾಯಕಿಯ ಕೈಗೆ ಸಿಕ್ಕಿ "ಇದೇನ್ರೀ, ಲೆನ್ಸು?" ಅಂದರೆ ಎರಡನೇ ಅಂಗಡಿಯೂ ಹೋಯಿತು, ಮೊದಲನೆಯದೂ ಹೋಯಿತು.

ಅವರು ಗೌನಿಗೆ ಮುಖ ತೂರಿಸಿ ಚಮಕಿ ಚಮಕಿಯನ್ನೂ ತಡವಿ ನೋಡತೊಡಗಿದರು.

"ಏನು ಮಾಸ್ಟ್ರೇ, ಗೌನನ್ನ ಮೂಸಿ ನೋಡ್ತಿದ್ದೀರಾ?" ಯಜಮಾನತಿ ಕೇಳಿದರು.

"ಅದು... ಮೇಡಂ... ಸೂಜಿ. ಸೂಜಿ ಬಿದ್ದೋಯ್ತು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಸೂಜಿ ಕಳೆದ ಬಟ್ಟೆ ಸೂಜಿ ಸಿಗುವ ತನಕ ಹೊಸಿಲು ದಾಟಬಾರದು ಅನ್ನುವುದು ಅಂಗಡಿಯ ಇನ್ನೊಂದು ಪದ್ಧತಿ.

"ಅಯ್ಯಯ್ಯೋ! ಹಾಡೋರ ಗೌನಲ್ಲಿ ಸೂಜಿನಾ!" ಯಜಮಾನತಿ ಕೂಗಿದ ಕೂಗಿಗೆ ಇಡೀ ಅಂಗಡಿ ಎದ್ದು ಬಂತು. ಪಕ್ಕದಂಗಡಿಯ ಬೀಗ ರಿಪೇರಿಯವನೂ ಕರೆಯದೇ ಬಂದ. ಎಲ್ಲರೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಇಲ್ಲದ ಸೂಜಿಯನ್ನು ಹುಡುಕಿದ್ದೇ ಹುಡುಕಿದ್ದು. ಬೀಗದವನು ಓಡಿಹೋಗಿ ಇಟ್ಟಿಗೆಯಷ್ಟು ದೊಡ್ಡ ಅಯಸ್ಕಾಂತ ತಂದು ಗೌನಿನ ಉದ್ದಗಲ ಸವರಿದ. ಬಂದದ್ದು ನಾಲ್ಕು ಗುಂಡುಪಿನ್ನು.

"ಇದ್ರಲ್ಲಿ ಸೂಜಿ ಇಲ್ಲ. ಇದ್ರೆ ನನ್ ಮೀಸೆ ಬೋಳಿಸ್ಕೋತೀನಿ," ಅಂದ.

"ಇಲ್ಲ ಅಂದ್ರೆ ಎಲ್ಲಿ ಹೋಯ್ತು? ಸಿಗೋ ತನಕ ಗೌನು ಕೊಡೋ ಹಾಗಿಲ್ಲ!" ಯಜಮಾನತಿ ಬೆವರು ಒರೆಸಿಕೊಂಡರು.

ಅಷ್ಟರಲ್ಲಿ ಬಾಗಿಲಲ್ಲಿ ಗಾಯಕಿಯ ಕಾರು ನಿಂತಿತು. ಮಾಸ್ಟರಿಗೆ ಬೇರೆ ದಾರಿ ಉಳಿಯಲಿಲ್ಲ. ಗೌನಿನ ಮೇಲೆ ಬಗ್ಗಿ, ಕಾಲರಿನಡಿಗೆ ಕೈ ತೂರಿಸಿ, ಗಾಬರಿಯಲ್ಲಿ ಸರಕ್ಕನೆ ಒಂದು ಸೂಜಿ ಕಿತ್ತು, ದಾರ ಎಳೆದು ಬಿಸಾಕಿ, "ಸಿಕ್ತು! ಸಿಕ್ತು!" ಎಂದು ಕೂಗಿದರು.

ಯಜಮಾನತಿ ಅದನ್ನು ಇಸಿದುಕೊಂಡು, ಕೈ ಉದ್ದಕ್ಕೆ ಚಾಚಿ, ತಲೆ ಹಿಂದಕ್ಕೆ ಮಾಡಿ ನೋಡಿದರು. "ಹ್ಞೂಂ, ಸೂಜಿನೇ. ಬದುಕಿದ್ವಿ."

ಬೀಗದವನು ಮೀಸೆ ಮುಚ್ಚಿಕೊಂಡು ಹೊರಟುಹೋದ. ಗೌನು ಟ್ರಯಲ್ ರೂಮಿಗೆ ಹೋಯಿತು. ಎರಡು ನಿಮಿಷ ಕಳೆಯಿತು. ಆಮೇಲೆ ಗಾಯಕಿ ಇಷ್ಟು ವರ್ಷದಲ್ಲಿ ಯಾವ ವೇದಿಕೆಯ ಮೇಲೂ ಮುಟ್ಟದ ಸ್ವರವೊಂದು ಒಳಗಿಂದ ಹೊರಟಿತು.

"ಸೂಜೀ...!"

ಮಾಸ್ಟರು ಕೂತಲ್ಲಿಂದ ಚಂಗನೆ ಎದ್ದರು. ಇಲ್ಲದ ಸೂಜಿ ಚುಚ್ಚುವುದು ಹೇಗೆ? ಗೌನು ಹೊರಬಂತು. ಯಾರಿಗೂ ಏನೂ ಕಾಣಲಿಲ್ಲ. ಇಸ್ತ್ರಿಯಣ್ಣ ಪೆಟ್ಟಿಗೆ ಪಕ್ಕಕ್ಕಿಟ್ಟು ಬಂದ, ಕನ್ನಡಕ ಮೂಗಿಗೆ ಏರಿಸಿದ, ಒಂದು ಸಲ ನೋಡಿದ, ಸೊಂಟದ ಮಡಿಕೆಯಿಂದ ಸೂಜಿ ಎಳೆದು ತೆಗೆದ. ಕಪ್ಪು ಗೌನಿನ ಸೂಜಿಯಲ್ಲಿ ಬಿಳಿ ದಾರ! ಗಾಬರಿಯಲ್ಲಿ ಒಂದನ್ನು ಕಿತ್ತಾಗ ಕಾಲರಿನ ಇನ್ನೊಂದು ಸೂಜಿಯೂ ಜಾರಿಬಿದ್ದಿತ್ತು. ಅವನು ಆ ದಾರ ನೋಡಿದ, ಮಾಸ್ಟರ ಕಾಲರು ನೋಡಿದ. ದಾರವನ್ನು ಮೆಲ್ಲಗೆ ಎಳೆದು ಜೇಬಿಗಿಳಿಸಿ, ಬರೀ ಸೂಜಿಯನ್ನು ಯಜಮಾನತಿಗೆ ಕೊಟ್ಟ.

ಯಜಮಾನತಿ ಗಾಯಕಿಗೆ ಕೈಮುಗಿದು, ಗೌನು ಕಾರಿಗೇರಿಸಿ, "ಒಂದಲ್ಲ, ಎರಡು ಸೂಜಿ! ಸಂಜೆ ಮಾತಾಡ್ತೀನಿ ನಿಮ್ಹತ್ರ. ಈಗ ಹೊರಗೆ ಕೆಲಸ ಇದೆ," ಎಂದು ಸಿಡುಕಿ ಹೋದರು.

ಇಸ್ತ್ರಿಯಣ್ಣ ಹತ್ತಿರ ಬಂದು ಪಿಸುಗುಟ್ಟಿದ. "ಮನೇಲಿ ಪೋಣಿಸಿ ಕಳಿಸ್ತಾರಾ? ನನ್ನವಳೂ ಆರು ತಿಂಗಳು ಪೋಣಿಸಿದ್ಲು. ಹೋಗಿ, ಮೊದಲು ಕಣ್ಣು ತೋರಿಸ್ಕೊಳ್ಳಿ."

ಡಾಕ್ಟರಮ್ಮ ಎಡಗಣ್ಣಿನ ಲೆನ್ಸು ತೆಗೆದರು. "ಬಲಗಣ್ಣಿಂದು?"

"ಬಿದ್ದೋಯ್ತು ತಾಯೀ. ಗೌನಲ್ಲಿ. ಅದರಿಂದಲೇ ನನ್ನ ಮನೆ ಹಾಳಾಯ್ತು."

"ತಡೀರಿ ತಡೀರಿ. ಮೇಲೆ ನೋಡಿ." ಆಕೆ ಅದೇ ಎಡಗಣ್ಣಿಗೆ ಮತ್ತೆ ಬೆರಳು ಹಾಕಿದರು. ಬೆರಳ ತುದಿಯಲ್ಲಿ ಇನ್ನೊಂದು ಲೆನ್ಸು! "ಇಲ್ಲೇ ಇದೆಯಲ್ರೀ! ಕನ್ನಡಿ ನೋಡ್ಕೊಂಡು ಎರಡನ್ನೂ ಒಂದೇ ಕಣ್ಣಿಗೆ ಹಾಕ್ಕೊಂಡಿದ್ದೀರಿ. ಸೂಜಿ ಕಣ್ಣು ಬಾವಿ ಥರ ಕಾಣದೆ ಇನ್ನೇನು?"

ಮಾಸ್ಟರು ಆ ಎರಡು ಲೆನ್ಸುಗಳನ್ನು ಪಿಳಿಪಿಳಿ ನೋಡಿದರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಆಗ ಒಳಗಿನ ಪರದೆ ಸರಿಯಿತು. ಕೆಂಪಾದ ಕಣ್ಣು ಒರೆಸಿಕೊಳ್ಳುತ್ತ ಬಂದವರು ಯಜಮಾನತಿ!

"ನಿಮಗೂ ಇವರ ಥರದ್ದೇ ಮೇಡಂ, ಎಡಕ್ಕೆ ಹತ್ತಿರದ್ದು, ಬಲಕ್ಕೆ ದೂರದ್ದು," ಅಂದರು ಡಾಕ್ಟರಮ್ಮ, ಏನೂ ಅರಿಯದೆ.

ಇಬ್ಬರೂ ಗರಬಡಿದವರಂತೆ ಒಬ್ಬರನ್ನೊಬ್ಬರು ನೋಡಿದರು.

"ಎಷ್ಟು ದಿನದಿಂದ ಮಾಸ್ಟ್ರೇ?"

"ಮೂರು ತಿಂಗಳು ಮೇಡಂ. ತಮಗೆ?"

"ಒಂದು ವರ್ಷ. ನೀವು ಸೂಜಿ ಪೋಣಿಸಿದ್ದನ್ನ ನಾನು ಒಂದು ದಿನಾನೂ ಕಂಡಿಲ್ಲ. ಪೋಣಿಸಿದ್ರಿ ಅಂತ ನಂಬ್ಕೊಂಡು ತಲೆಯಾಡಿಸ್ತಿದ್ದೆ."

ಮಾಸ್ಟರಿಗೆ ಹೋದ ಜೀವ ಬಂದಂತಾಯಿತು. ಇಬ್ಬರದೂ ಒಂದೇ ಗುಟ್ಟು ಅಂದಮೇಲೆ ಭಯವೇನು! "ಹಾಗಾದ್ರೆ ಮೇಡಂ... ಹೊಸ ಅಂಗಡಿ?"

"ಅದು ನಿಮಗೇ ಅಂತ ಹೋದ ವಾರವೇ ತೀರ್ಮಾನ ಮಾಡಿದ್ದೆ. ನನಗಂತೂ ಹೊಲಿಗೆ ಕಾಣಲ್ಲ, ನೋಡೋ ಕಣ್ಣೊಂದು ಬೇಕಿತ್ತು." ಯಜಮಾನತಿ ನಿಟ್ಟುಸಿರು ಬಿಟ್ಟರು. "ಈಗ ನೋಡಿದ್ರೆ ನಿಮ್ಮದೂ ಇದೇ ಕತೆ. ಕನ್ನಡಕ ಹಾಕಿದೋನಿಗೆ ಕಣ್ಣು ಕಾಣಲ್ಲ ಅಂದ್ಕೊಂಡಿದ್ದೆ. ಅಂಗಡೀಲಿ ಕಣ್ಣು ಕಾಣೋನು ಅವನೊಬ್ಬನೇ! ಹೊಸ ಅಂಗಡಿ ಇಸ್ತ್ರಿಯಣ್ಣಂಗೆ."

"ಮತ್ತೆ... ನಾನು?"

"ಇಸ್ತ್ರಿ ಟೇಬಲ್ಲು ಖಾಲಿ ಆಗುತ್ತಲ್ಲ."

ಯಜಮಾನತಿ ಹೊರಟುಹೋದರು.

ಡಾಕ್ಟರಮ್ಮ ಲೆನ್ಸಿನ ಡಬ್ಬಿ ಮುಂದಿಟ್ಟು ಕೇಳಿದರು. "ಹಾಗಾದ್ರೆ ಯಾವುದು ಕೊಡ್ಲಿ? ಸುತ್ತುಸುತ್ತಿನದ್ದಾ, ಎಡಕ್ಕೊಂದು ಬಲಕ್ಕೊಂದಾ?"

"ಎರಡೂ ಬೇಡ," ಅಂದರು ಮಾಸ್ಟರು. "ಒಂದು ಕನ್ನಡಕ ಕೊಡಿ ತಾಯೀ. ದಪ್ಪ ಫ್ರೇಮಿಂದು. ನಾಲ್ಕು ಹೆಜ್ಜೆ ದೂರದಿಂದಲೂ ಮೇಡಂ ಕಣ್ಣಿಗೆ ಬೀಳಬೇಕು, ಅಂಥದ್ದು."