ಬಸ್‌ಸ್ಟ್ಯಾಂಡಿನಲ್ಲಿ ಸಾವಿರದೈನೂರು ಮೀಟರ್

ಸಾಲಿನಲ್ಲಿ ನಿಲ್ಲುವುದನ್ನು ಅನೇಕರು ಶಿಸ್ತು ಎಂದು ಸಹಿಸಿಕೊಳ್ಳುತ್ತಾರೆ. ನಾನು ಅದನ್ನು ಸುಖವೆಂದೇ ಭಾವಿಸಿದವಳು. ಮುಂದೆ ಒಬ್ಬರಿದ್ದಾರೆ, ಹಿಂದೆ ಒಬ್ಬರಿದ್ದಾರೆ, ಸರದಿ ತಾನಾಗಿಯೇ ಬರುತ್ತದೆ. ಸರಿಯಾದ ವಾಕ್ಯದೊಳಗಿನ ಪದದಂತೆ ನೆಮ್ಮದಿಯಿಂದ ಇದ್ದುಬಿಡಬಹುದು. ಅಣ್ಣಿಗೇರಿಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಷ್ಟು ಕಾಲವೂ ಪ್ರಾರ್ಥನೆಗೆ ಮಕ್ಕಳನ್ನು ಸಾಲುಗಟ್ಟಿಸುವ ಹೊಣೆ ನನ್ನದೇ ಆಗಿತ್ತು. ಸ್ವಯಂನಿವೃತ್ತಿ ಪಡೆದ ಮೇಲೆ ಸಾಲುಗಟ್ಟಿಸಲು ಮಕ್ಕಳು ಸಿಗದೆ, ಹಿಟ್ಟಿನ ಗಿರಣಿಯಲ್ಲಿ ಮಂದಿಯ ಡಬ್ಬಿಗಳನ್ನು ಬಂದ ಕ್ರಮದಲ್ಲಿ ಜೋಡಿಸಿ ಸಮಾಧಾನಪಟ್ಟುಕೊಳ್ಳುತ್ತೇನೆ. ಇಂಥ ನಾನು ಹಾಡಹಗಲಿನಲ್ಲಿ, ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ, ಗದ್ದಲದೊಳಗೆ ನುಗ್ಗುವ ವಿದ್ಯೆಯನ್ನು ಕಲಿಸಲು ನಿಂತೆನೆಂದರೆ ಅದಕ್ಕೊಂದು ಬಲವಾದ ಕಾರಣವಿರಲೇಬೇಕು. ಆ ಕಾರಣದ ಹೆಸರು ಸವಿತಾ.

ಸವಿತಾ ನನ್ನ ತಂಗಿಯ ಮಗಳು. ಸಂಶಿಯ ಹುಡುಗಿ; ಹೈಸ್ಕೂಲಿಗೆಂದು ನಮ್ಮ ಮನೆಗೆ ಬಂದವಳು ಇಲ್ಲಿಯೇ ಬೆಳೆದಳು. ಓಡುವುದು ಸಾವಿರದೈನೂರು ಮೀಟರ್. ಮೈದಾನವನ್ನು ಮೂರೂಮುಕ್ಕಾಲು ಸಲ ಸುತ್ತಬೇಕು. ನೂರು ಮೀಟರಿನವರಿಗೆ ಇರುವಂತೆ ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ ಇರುವುದಿಲ್ಲ; ಎಲ್ಲರೂ ಗುಂಪಾಗಿ ಒಳಗೆರೆಗೆ ಅಂಟಿಕೊಂಡು ಓಡುತ್ತಾರೆ. ಮುಂದೊಬ್ಬಳು, ಹಿಂದೊಬ್ಬಳು, ಬದಿಗೊಬ್ಬಳು ಬಂದರೆ ನಡುವಿನವಳು ಪೆಟ್ಟಿಗೆಯಲ್ಲಿಟ್ಟ ಹಾಗೆ ಸಿಕ್ಕಿಬೀಳುತ್ತಾಳೆ. ಸವಿತಾ ಪ್ರತಿ ಸಲವೂ ಸಿಕ್ಕಿಬೀಳುತ್ತಿದ್ದಳು.

ಇದಕ್ಕೆ ಅವಳೊಬ್ಬಳನ್ನೇ ದೂರುವಂತಿಲ್ಲ. ನಮ್ಮ ಮನೆಯ ಗಾಳಿಯೇ ಹಾಗೆ. ಬೆಳಗ್ಗೆ ಬಚ್ಚಲಮನೆಯ ಬಾಗಿಲಲ್ಲಿ ನಾನೂ ನಮ್ಮ ಯಜಮಾನರೂ "ನೀವು ಮೊದಲು" ಎಂದು ಒಬ್ಬರಿಗೊಬ್ಬರು ದಾರಿ ಬಿಡುತ್ತ ನೀರು ಆರಿಹೋದದ್ದುಂಟು. ಮದುವೆಯ ಊಟಕ್ಕೆ ಹೋದರೆ ಅವರು ಎಲ್ಲರೂ ಕುಳಿತ ಮೇಲೆ ಕುಳಿತುಕೊಳ್ಳುವವರು. ಮಾದಲಿಯ ಪಾತ್ರೆಯ ತಳವನ್ನು ಕೆರೆಯುವ ಸದ್ದು ಅವರಿಗೆ ಗೊತ್ತಿರುವಷ್ಟು ಮಾದಲಿಯ ರುಚಿ ಗೊತ್ತಿಲ್ಲ.

ರಾಷ್ಟ್ರಮಟ್ಟದ ಕೂಟವೊಂದರಿಂದ ನಾಲ್ಕನೆಯವಳಾಗಿ ಬಂದ ಸವಿತಾಳನ್ನು ನಾನು ಕೇಳಿದೆ: "ಕಾಲಾಗ ಕಸುವು ಇತ್ತಲ್ಲ, ಹೊರಗ ಯಾಕ ಬರಲಿಲ್ಲ?"

"ಹೆಂಗ ಬರೂದ ಬೇ ದೊಡ್ಡವ್ವ? ಬಾಜೂಕ ಒಬ್ಬಾಕಿ ಇದ್ಲು. ಅಕಿ ಸರದ ಮ್ಯಾಲ ಬರೂಣು ಅಂತ ಕಾದೆ."

"ಅಕಿ ಸರದ್ಲೇನು?"

"ಹೂಂ. ಗೆರಿ ದಾಟಿದ ಮ್ಯಾಲ ಸರದ್ಲು."

ಆದರೂ ಅವಳ ಒಟ್ಟು ವೇಗವನ್ನು ನೋಡಿ ಏಷ್ಯಾ ಖಂಡದ ಕೂಟಕ್ಕೆ ಆರಿಸಿದರು. ಪೇಢೆ ಹಂಚಿದ ಸಂಜೆಯೇ ನದಾಫ್ ಸರ್ ಮನೆಗೆ ಬಂದರು. ನಮ್ಮ ಶಾಲೆಯ ದೈಹಿಕ ಶಿಕ್ಷಕರು. ಸವಿತಾಳನ್ನು ಮೊದಲ ದಿನದಿಂದ ಓಡಿಸಿದವರು. ಚಹಾದ ಕಪ್ಪನ್ನು ಕೆಳಗಿಟ್ಟು ಹೇಳಿದರು: "ಅಕ್ಕೋರ, ಹುಡುಗಿ ಕಾಲಾಗ ಏನೂ ಕೊರತಿ ಇಲ್ರಿ. ಸಂಕೋಚ ಅಗದಿ ಹೆಚ್ಚಾಗೇತಿ. ಅಲ್ಲಿ ಮೊದಲ ಹೀಟ್ ಇರ್ತೈತಿ. ಹೀಟ್‌ನ್ಯಾಗ ಸಿಕ್ಕೊಂಡ್ಲಂದ್ರ ಫೈನಲ್ ಇಲ್ಲ, ಸೀದಾ ಮನಿ."

"ಹಾಗಾದರ ನೂಕಬೇಕೇನ್ರಿ ಸರ್?"

"ನೂಕಿದ್ರ ಹೊರಗ ಹಾಕ್ತಾರ್ರಿ. ನೂಕೂದು ಬ್ಯಾಡ. ತನ್ನ ಜಾಗಾ ತಾ ತೊಗೊಳ್ಳೂದು ಬೇಕು. ಅದನ್ನ ಹೆಂಗ ಕಲಸ್ಲಿ? ಇಲ್ಲೆ ಅಕಿ ಒಬ್ಬಾಕೇ ಓಡ್ತಾಳ. ಗದ್ಲಕ್ಕ ಮಂದಿನ್ನ ಎಲ್ಲಿಂದ ತರ್ಲಿ?"

ಮಂದಿ! ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲವೆಂದಾದಂದಿನಿಂದ ಸೋಮವಾರ ಬೆಳಗಿನ ಹುಬ್ಬಳ್ಳಿ ಬಸ್ಸಿನ ಬಾಗಿಲಲ್ಲಿ ಸೇರುವ ಮಂದಿಯನ್ನು ಕಂಡವರಿಗೆ ಈ ಪ್ರಶ್ನೆ ಪ್ರಶ್ನೆಯೇ ಅಲ್ಲ. ನಾನು ಯಾವುದನ್ನೂ ತಯಾರಿಯಿಲ್ಲದೆ ಕಲಿಸಿದವಳಲ್ಲ. ಕೆಲವು ದಿನ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಬಸ್ಸು ಬರುವುದನ್ನೂ ಜನ ಮುಗಿಬೀಳುವುದನ್ನೂ ಗಮನಿಸಿದೆ. ಕಟ್ಟೆಗೆ ಒತ್ತಿಕೊಂಡು ನಿಂತವರು ಬಾಗಿಲಿಗೆ ಎಲ್ಲರಿಗಿಂತ ಹತ್ತಿರವಿದ್ದರೂ ಕೊನೆಗೆ ಹತ್ತುತ್ತಾರೆ, ಏಕೆಂದರೆ ಉಳಿದವರು ಅವರನ್ನು ಸುತ್ತುಗಟ್ಟುತ್ತಾರೆ. ಗುಂಪಿನ ಹೊರಮೈಗೆ ಅರ್ಧ ಹೆಜ್ಜೆ ಸರಿದು, ಮುಂದಿನವರ ಭುಜಕ್ಕೆ ಭುಜ ಕೊಟ್ಟು ನಿಂತವರು ಮೊದಲು ಹತ್ತುತ್ತಾರೆ. ಇದನ್ನು ಕೇಳಿ ನದಾಫ್ ಸರ್ ಕುರ್ಚಿಯಿಂದ ಎದ್ದೇಬಿಟ್ಟರು. "ಒಳಗೆರಿ ಬಿಡು, ಹೊರಭುಜಕ್ಕ ಬಾ ಅಂತ ನಾ ವರ್ಷಾನಗಟ್ಲೆ ಇದನ್ನ ಹೇಳಾಕತ್ತೇನ್ರಿ!"

ಮೊದಲ ಸೋಮವಾರ ಸವಿತಾ ಸರಿಯಾದ ಜಾಗದಲ್ಲಿಯೇ ನಿಂತಳು. ಬಸ್ಸು ಬಂತು. ಒಬ್ಬ ಅಜ್ಜಿಯ ಗಂಟನ್ನು ಮೇಲಕ್ಕೆ ಕೊಟ್ಟಳು, ಒಬ್ಬಳ ಕೂಸನ್ನು ಮೇಲಕ್ಕೆ ಕೊಟ್ಟಳು, ಆಮೇಲೆ ಕೂಸಿನ ತಾಯಿಯನ್ನೂ ಹತ್ತಿಸಿದಳು. ಬಸ್ಸು ಹೋಯಿತು. ಅವಳು ಕೈ ಬೀಸಿ ಬೀಳ್ಕೊಟ್ಟಳು.

ಪ್ರಾತ್ಯಕ್ಷಿಕೆಯಿಲ್ಲದೆ ಪಾಠ ತಲೆಗೆ ಹತ್ತುವುದಿಲ್ಲವೆಂದು ನನಗೆ ಮನವರಿಕೆಯಾಯಿತು. ಮರುದಿನ ಸೆರಗನ್ನು ಸೊಂಟಕ್ಕೆ ಸಿಗಿಸಿ, ಮೊಳಕೈಗಳನ್ನು ಪಕ್ಕೆಗೆ ಅಂಟಿಸಿ, ಹೊರಭುಜಕ್ಕೆ ನಿಂತೆ. ಬಸ್ಸಿನ ಬಾಗಿಲು ತೆರೆದದ್ದು ನೆನಪಿದೆ. ಆಮೇಲೆ ನೆನಪಿರುವುದು ನಾನು ಕಿಟಕಿಯ ಪಕ್ಕ ಕುಳಿತಿದ್ದದ್ದು. ಹೀರೇಕಾಯಿಯ ಬುಟ್ಟಿ ಹೊತ್ತು ದಿನಾಲೂ ಮೊದಲು ಹತ್ತುವ ಫಕೀರವ್ವ ನನ್ನ ಹಿಂದಿನಿಂದ ಹತ್ತಿ ಬಂದು ಎದುರು ನಿಂತಳು. "ಸಾಲಿ ಕಲಿಸಿದಾಕಿನ ಹಿಂಗ ಮಾಡಿದ್ರ ನಾವೇನ ಮಾಡೂಣು ಬೇ?"

ಕಂಡಕ್ಟರ್ ಬಸವರಾಜ ನನ್ನ ಹಳೆಯ ವಿದ್ಯಾರ್ಥಿ. ಅವನ ಸೀಟಿ ಬಾಯಿಂದ ಜಾರಿತು. "ಅಕ್ಕೋರ! ನೀವ? ಸಾಲು ತಪ್ಪಿದ್ದಕ್ಕ ನನ್ನ ಬಿಸಲಾಗ ನಿಲ್ಲಿಸಿದ್ರಿ!"

"ಇದು ಅಭ್ಯಾಸ ಬಸೂ."

"ಯಾತರದ್ರಿ?"

"ಓಟದ್ದು."

"ಬಸ್ಸಿನ್ಯಾಗ ಕುಂತು?"

ಇಡೀ ಬಸ್ಸು ನಕ್ಕಿತು. ನಾನು ನಗಲಿಲ್ಲ, ತರಗತಿ ನಡೆಯುತ್ತಿರುವಾಗ ನಾನು ನಗುವವಳಲ್ಲ. ನಮಗೆ ಹುಬ್ಬಳ್ಳಿಯಲ್ಲಿ ಕೆಲಸವೇನೂ ಇರಲಿಲ್ಲವಾದ್ದರಿಂದ ಊರು ದಾಟಿದ ಮೊದಲ ಸ್ಟಾಪಿನಲ್ಲಿ ಇಳಿದೆವು. ಎಲ್ಲರಿಗಿಂತ ಕೊನೆಗೆ ಹತ್ತಿದ್ದ ಸವಿತಾ ಅಲ್ಲಿಂದ ಓಡುತ್ತ ಮನೆಗೆ ಹೋದಳು. ನಾನು ಮರಳಿ ಬರುವ ಬಸ್ಸಿಗಾಗಿ ಬೇವಿನ ಮರದ ಕೆಳಗೆ ಒಬ್ಬಳೇ ಸಾಲಾಗಿ ನಿಂತೆ.

ಪ್ರತಿದಿನವೂ ಇದೇ ಪಾಠ ನಡೆಯಿತು. ಮಂದಿಗೆ ನಮ್ಮ ಕ್ರಮ ಗೊತ್ತಾಯಿತು; ಜಗಳವಾಡಿ ಹಿಡಿದ ಸೀಟನ್ನು ಈ ಹೆಂಗಸರು ಮೊದಲ ಸ್ಟಾಪಿನಲ್ಲಿಯೇ ಬಿಟ್ಟುಕೊಡುತ್ತಾರೆಂದು ತಿಳಿದು ಫಕೀರವ್ವ ನಮ್ಮ ಪಕ್ಕದಲ್ಲಿಯೇ ನಿಲ್ಲತೊಡಗಿದಳು. ಸವಿತಾ ವಿಮಾನ ಹತ್ತುವ ಮುಂಚಿನ ವಾರ ಯಾರನ್ನೂ ಮುಟ್ಟದೆ, ಯಾರಿಗೂ ಬಿಡದೆ, ನೀರು ಹರಿದ ಹಾಗೆ ಒಳಗೆ ಹೋಗಿ ಕಿಟಕಿಯ ಸೀಟಿನಲ್ಲಿ ಕುಳಿತಳು. ತಕ್ಷಣ ಎದ್ದು ಒಬ್ಬ ಬಸುರಿಗೆ ಆ ಸೀಟನ್ನು ಕೊಟ್ಟಳು. ನಾನು ಪೂರ್ಣಾಂಕವನ್ನೇ ಕೊಟ್ಟೆ. ಹಿಡಿದ ಮೇಲೆ ಕೊಡುವುದಕ್ಕೂ ಹಿಡಿಯದೆಯೇ ಬಿಡುವುದಕ್ಕೂ ವ್ಯತ್ಯಾಸವಿದೆ.

ಹೀಟ್ ಇದ್ದದ್ದು ನಮ್ಮ ಮಧ್ಯಾಹ್ನಕ್ಕೆ. ನದಾಫ್ ಸರ್ ತಮ್ಮ ಮೊಬೈಲನ್ನು ನಮ್ಮ ಟಿವಿಗೆ ಜೋಡಿಸಿದರು. ಯಜಮಾನರು ಸರ್‌ಗೆ ಕುರ್ಚಿ ಬಿಟ್ಟುಕೊಟ್ಟು ಬಾಗಿಲಲ್ಲಿ ನಿಂತರು. ಎರಡು ಸುತ್ತು ಸರಿಯಾಗಿಯೇ ನಡೆಯಿತು. ಮೂರನೆಯ ಸುತ್ತಿನಲ್ಲಿ ಹಿಂದಿನವರು ಮುಂದೆ ಬಂದು ಸವಿತಾಳನ್ನು ಒಳಗೆರೆಗೆ ಒತ್ತಿ ಸುತ್ತುಗಟ್ಟಿದರು. ಕೊನೆಯ ಸುತ್ತಿನ ಗಂಟೆ ಮೊಳಗಿತು. ಮುಂದೊಬ್ಬಳು, ಬದಿಗೊಬ್ಬಳು, ಅದೇ ಪೆಟ್ಟಿಗೆ. ಸರ್ ಕಣ್ಣು ಮುಚ್ಚಿಕೊಂಡರು. ನಾನು ಎದ್ದು ನಿಂತು, ಪ್ರಾರ್ಥನೆಯ ಮೈದಾನದ ಕೊನೆಯವರೆಗೂ ಮುಟ್ಟುತ್ತಿದ್ದ ನನ್ನ ಹಳೆಯ ದನಿಯಲ್ಲಿ ಕೂಗಿದೆ: "ಹೊರಭುಜಕ್ಕ ಬಾ ಸವಿತಾ! ಬಸ್ ಬಂತು!"

ಅವಳು ಅರ್ಧ ಹೆಜ್ಜೆ ಹಿಂದಾದಳು, ಹೊರಗೆ ಸರಿದಳು. ಮೊಳಕೈಗಳು ಪಕ್ಕೆಗೆ ಅಂಟಿಕೊಂಡೇ ಇದ್ದವು. ಬದಿಯವಳ ಭುಜಕ್ಕೆ ಭುಜ ಕೊಡುವಾಗ ಅವಳ ತುಟಿಗಳು ಅಲುಗಿದವು. ಆ ಹುಡುಗಿ ಬೆಚ್ಚಿ ಒಂದು ಗೇಣು ಜಾಗ ಬಿಟ್ಟಳು. ಅಷ್ಟು ಸಾಕಾಯಿತು. ಸವಿತಾ ಮೂರನೆಯವಳಾಗಿ ಗೆರೆ ದಾಟಿ ಫೈನಲ್ಲಿಗೆ ಹೋದಳು.

ಸಂಜೆ ಫೋನ್ ಬಂದಾಗ ಮೊದಲು ಅದನ್ನೇ ಕೇಳಿದೆ. "ಅಕಿಗೆ ಏನಂದಿ?"

"ಬಾಯಾಗ ಬಂದಬಿಡ್ತು ದೊಡ್ಡವ್ವ. 'ಸ್ವಲ್ಪ ಸರೀರಿ, ಇಳಿಯೂದೈತಿ' ಅಂದೆ."

ಫೈನಲ್ಲಿನಲ್ಲಿ ಪದಕ ಬರಲಿಲ್ಲ, ಐದನೆಯವಳಾದಳು. ಮುಂದಿದ್ದ ನಾಲ್ವರು ಅವಳಿಗಿಂತ ಜೋರಾಗಿ ಓಡಿದರು, ಅಷ್ಟೇ. ಯಾರೂ ಅವಳನ್ನು ಕಟ್ಟಿಹಾಕಿರಲಿಲ್ಲ. ಮುಂದಿನ ಸಲಕ್ಕೆ ಆ ನಾಲ್ವರ ವಿಷಯವನ್ನು ಕಾಲುಗಳೇ ನೋಡಿಕೊಳ್ಳಬೇಕೆಂದು ನಾನೂ ನದಾಫ್ ಸರ್ರೂ ತೀರ್ಮಾನಿಸಿದ್ದೇವೆ.

ಅವಳು ಮರಳುವ ದಿನ ಹುಬ್ಬಳ್ಳಿ ಸ್ಟೇಷನ್ನಿನಿಂದ ಕರೆತರಲು ಹೊರಟೆ. ಪಾಠ ಮುಗಿದಿತ್ತಾದ್ದರಿಂದ ನಿಶ್ಚಯಮಾಡಿ ಎಲ್ಲರಿಗಿಂತ ಹಿಂದೆ, ಮರ್ಯಾದೆಯಿಂದ ನಿಂತೆ. ಬಸ್ಸು ಬಂದದ್ದೇ ತಡ, ಫಕೀರವ್ವ ಬುಟ್ಟಿಯನ್ನು ಅಡ್ಡ ಹಿಡಿದು ಗುಂಪನ್ನು ಸೀಳಿದಳು. "ಅಕ್ಕೋರಿಗೆ ದಾರಿ ಬಿಡ್ರಿ! ಇಲ್ಲಾಂದ್ರ ತಾವ ತೊಗೋತಾರ." ನನ್ನನ್ನು ಮೊದಲು ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿ, ನನ್ನ ಎದುರಿಗೇ ನಿಂತಳು. ಮೊದಲ ಸ್ಟಾಪು ಬಂತು. "ಏಳ್ರಿ ಅಕ್ಕೋರ, ನಿಮ್ಮ ಸ್ಟಾಪು" ಎಂದಳು. ಇವತ್ತು ನಾನು ಹುಬ್ಬಳ್ಳಿಯವರೆಗೂ ಹೋಗಬೇಕೆಂದು ಹೇಳಲು ಬಾಯಿ ತೆರೆದೆ. ಅವಳು ಆಗಲೇ ಬುಟ್ಟಿಯನ್ನು ಕೆಳಗಿಳಿಸಿ, ಸೀಟಿನ ಅಂಚಿಗೆ ಕೈಯಿಟ್ಟು, ಅಷ್ಟು ನಂಬಿಕೆಯಿಂದ ನನ್ನ ಮುಖ ನೋಡುತ್ತಿದ್ದಳು.

ನಾನು ಎದ್ದು ಜಾಗ ಬಿಟ್ಟೆ.

ಸ್ವಲ್ಪ ಹೊತ್ತಿಗೆ ಬಸವರಾಜ ಬಂದವನು, ಕಂಬಿ ಹಿಡಿದು ಜೋಲಾಡುತ್ತಿದ್ದ ನನ್ನನ್ನು ಕಂಡು ಗಾಬರಿಯಾದ. "ಯಾಕ್ರಿ ಅಕ್ಕೋರ, ಇಳೀಲಿಲ್ಲೇನ್ರಿ?"

"ಇವತ್ತಿನ ಓಟ ಹುಬ್ಬಳ್ಳಿ ತನಕಾ ಐತಿ ಬಸೂ" ಎಂದೆ.