ತಮ್ಮ ತಿರುಗಿ ಕೊಡದ ನಂಬರು

ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ತಿಕೋಟಾದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜು. ಹಾಜರಿದ್ದವರು: ನಾನು, ನನ್ನ ತಮ್ಮ, ಕಂಪ್ಯೂಟರಿನ ಮುಂದೆ ಹೊಸದಾಗಿ ಸೇರಿದ ಹುಡುಗಿ. ಸ್ಟೋರೇಜಿನ ಮಾಲೀಕರಾದ ಸಾಹುಕಾರರು ಆಮೇಲೆ ಬಂದರು.

ನನ್ನ ತಮ್ಮನಷ್ಟು ಮೊಂಡ ಮನುಷ್ಯ ವಿಜಯಪುರ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದರೆ ಅವನೂ ನಮ್ಮ ಮನೆತನದವನೇ ಇರಬೇಕು! ಈ ಸ್ಟೋರೇಜಿನಲ್ಲಿ ಮಾಲಿಗೆ ನಂಬರು ಕೊಡುವ ಪ್ರೋಗ್ರಾಂ ಬರೆದವನು ಅವನೇ. ತಿಕೋಟಾ, ಬಬಲೇಶ್ವರ ಎರಡೂ ಕಡೆಯ ಮಾಲು ಬರೆಸುವ ಕಿಟಕಿಗಳಿಗೆ ನಂಬರು ಹೊರಡುವುದು ಒಂದೇ ಸಾಲಿನಿಂದ. ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗಿಲ್ಲ. "ಈಗಿನ ನಂಬರು ಎಷ್ಟು?" ಎಂದು ಕೇಳಿದರೆ ಅದು ಹೇಳುವುದು, ಆ ಕಿಟಕಿ ತಾನೇ ಕೊನೆಗೆ ಪಡೆದದ್ದನ್ನು ಮಾತ್ರ. ಬೆಳಿಗ್ಗೆಯಿಂದ ಒಂದೂ ಪಡೆಯದವರಿಗೆ ಉತ್ತರವೇ ಇಲ್ಲ!

ಊಟಕ್ಕೂ ಅವನದು ಇದೇ ಕಾನೂನು. ಒಂದು ಮದುವೆಯಲ್ಲಿ ಅಕ್ಕತಂಗಿಯರಿಬ್ಬರು ಅವನಿಗೆ ಹೋಳಿಗೆ ಬಡಿಸುತ್ತಿದ್ದರು. "ಕಾಕಾ, ಎಷ್ಟನೇದ್ರಿ ಇದು?" ಎಂದಳು ಅಕ್ಕ.

"ನಿನ್ನ ಕೈಯಿಂದ ಎರಡನೇದವ್ವಾ. ನಿನ್ನ ತಂಗಿ ಲೆಕ್ಕ ನಿನಗ್ಯಾಕ?"

ತಂಗಿಯ ಕೈಯಿಂದ ಆಗಲೇ ಆರು ಆಗಿದ್ದವು ಎಂದು ಕೇಳಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ!

ಆ ಸೋಮವಾರ ಬಿಜ್ಜರಗಿಯ ನಮ್ಮ ತೋಟದ ಒಣದ್ರಾಕ್ಷಿ ಇಡಲು ಹೋಗಿದ್ದೆ. ಹುಡುಗಿ ನನಗೊಂದು ನಂಬರು ತೆಗೆದಳು. ಚೀಟಿ ಬರೆಯುವಾಗ ಅದು ಮರೆತುಹೋಯಿತು. ಕಿಟಕಿಯ ನಂಬರು ಕೇಳುವುದು ಬಿಟ್ಟು, ಇಡೀ ಸ್ಟೋರೇಜಿನ ಕಟ್ಟಕಡೆಯ ನಂಬರು ನೋಡಿ ಬರೆದಳು. ಅಷ್ಟರೊಳಗೆ ಬಬಲೇಶ್ವರದವರು ಮುಂದಿನದನ್ನು ಪಡೆದಾಗಿತ್ತು. ನನ್ನ ಬಾಕ್ಸುಗಳ ಮೇಲೆ ಯಾರದೋ ನಂಬರು! ಗಾಬರಿಯಾಗಿ ಅವಳು ನನ್ನ ನಮೂದನ್ನೇ ಅಳಿಸಿ ಮೊದಲಿನಿಂದ ಶುರು ಮಾಡಿದಳು. ಹೊಸ ನಂಬರು ಬಂತು. ಹಳೆಯದು ತಿರುಗಿ ಬರಲಿಲ್ಲ. ಅವಳು ನನ್ನ ತಮ್ಮನ ಕಡೆ ತಿರುಗಿದಳು.

"ಸರ್ರ, ಆ ನಂಬರ್ ಮತ್ತ ಕೊಡ್ರಿ. ನಡುವ ಖಾಲಿ ಕಂಡರ ಸಾಹುಕಾರ್ರು ಮಾಲು ಕದ್ದಾರ ಅಂತಾರ. ನನ್ನ ನೌಕರಿ ಹೋಗತೈತ್ರಿ."

"ಕೊಟ್ಟ ನಂಬರ್ ತಿರುಗಿ ಬರಂಗಿಲ್ಲವ್ವಾ."

"ಲೇ, ಮನಷಾ ಅದಿ ಏನು ಕಲ್ಲದಿ? ಒಂದು ನಂಬರಿಗೆ ಆಕಿ ಅನ್ನ ಕಸೀತಿ?" ಎಂದು ನಾನೇ ಗದರಿದೆ.

ಅಷ್ಟರಲ್ಲಿ ಸಾಹುಕಾರರು ಬಂದು ಪರದೆ ನೋಡಿದರು. "ನಡುವಿನ ಮಾಲು ಎಲ್ಲಿ ಹೋತ್ರಿ?"

"ಮಾಲು ಎಲ್ಲೂ ಹೋಗಿಲ್ರಿ. ನಂಬರ್ ಹುಟ್ಟಿತ್ತು, ನಮೂದು ಉಳೀಲಿಲ್ಲ. ಹುಡುಗಿದು ತಪ್ಪಿಲ್ಲ. ಬ್ಯಾರೆಯವರ ನಂಬರ್ ಆಕಿ ಕಣ್ಣಿಗೆ ಬೀಳಂಗ ಇಟ್ಟಾಂವ ನಾನು."

"ಹಂಗಾರ ಮುಂದಿನ ಮಾಲಿಗೆ ಅದನ್ನ ಹಾಕಿ ತುಂಬಿಬಿಡ್ರಿ. ಚಂದ ಕಾಣತೈತಿ."

ತಮ್ಮ ಕನ್ನಡಕ ತೆಗೆದು ಒರೆಸಿದ.

"ಸಾಹುಕಾರ್ರ, ನಮಗ ಇಬ್ಬರು ಹೆಣ್ಮಕ್ಕಳದಾರ. ಸಣ್ಣಾಕಿಗೆ ನಮ್ಮನಿಯಾಕಿ ಇವತ್ತಿಗೂ ಮೂರನೇದಾಕಿ ಅಂತಾಳ. ನಡುವಿನದು ಒಂದು ವಾರ ಇತ್ತು. ಅದರ ನಂಬರ್ ಯಾರಿಗೆ ಕೊಡ್ಲಿ?"

ಆ ವಾರವೆಲ್ಲ ಬಾಣಂತಿಯ ಹತ್ತಿರ ನಾನೇ ಇದ್ದೆ. ಆ ಮಗುವಿನ ಮಾತನ್ನು ಆಮೇಲೆ ಅವನ ಬಾಯಿಂದ ಕೇಳಿದ್ದು ಇದೇ ಮೊದಲು.

ಸಾಹುಕಾರರು ಹುಡುಗಿಯ ಕಡೆ ತಿರುಗಿ, "ಖಾಲಿ ಇರ್ಲಿ ಬಿಡವ್ವಾ. ನಾಳಿ ಟೈಮಿಗೆ ಸರಿಯಾಗಿ ಬಾ" ಎಂದರು.

ಸಂಜೆ ಐದಕ್ಕೆ ಕೊನೆಯ ಬಾಕ್ಸಿಗೆ ಹೊಸ ಚೀಟಿ ಅಂಟಿಸಿ, ಮೂವರೂ ಸೇರಿ ತಂಪು ಕೋಣೆಯ ಬಾಗಿಲು ಎಳೆದೆವು.